ಬಟ್ಟೆ ನೆಲಕ್ಕೆ ತಾಗುತ್ತಿದೆ

ರತ್ನಪ್ರಭಾ ಹಟ ಹಿಡಿದಳೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾಗದು. ಮೈಸೂರು ಬಿಟ್ಟು ದೋಹಾ ಸೇರಿ ಇಪ್ಪತ್ತು ವರ್ಷ ದಾಟಿದರೂ ಅಂಗಡಿಯ ಸಾರಿನಪುಡಿ ಅವಳ ಅಡುಗೆಮನೆಯ ಹೊಸ್ತಿಲು ತುಳಿದಿಲ್ಲ. ಕೆಲಸ ಮಾಡುವ ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಲೆಬನಾನಿನ ಮ್ಯಾನೇಜರನೇ ಅವಳ ಮೇಜಿನ ಮುಂದೆ ದನಿ ತಗ್ಗಿಸಿ ಮಾತಾಡುತ್ತಾನೆ. ಅಂಥವಳು ಒಂದು ಗುರುವಾರ ಸಂಜೆ, ಬಿನ್ ಮಹಮೂದ್ ಬಡಾವಣೆಯ ತನ್ನ ಪುಟ್ಟ ಫ್ಲ್ಯಾಟಿನಲ್ಲಿ ಅವರೆಕಾಳು ಹಿಸುಕುತ್ತ ಕೂತು, ಮಗಳಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು:

"ನಿನ್ನ ಮದುವೇಲಿ ಧಾರೆ ಎರೆಯೋದು ಸಂಜು ಮಾಮ ಮತ್ತೆ ಅತ್ತೆ. ನಾನಲ್ಲ."

ಮಗಳು ಪ್ರಾರ್ಥನಾಗೆ ಇದು ಗೊತ್ತಿಲ್ಲದ ಮಾತಲ್ಲ. ಅಪ್ಪ ಮುದ್ದುಕೃಷ್ಣ ಹೋಗಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಉಪ್ಪಿಟ್ಟು ತಿಂದು ಆಫೀಸಿಗೆ ಹೋದ ಮನುಷ್ಯ ಮಧ್ಯಾಹ್ನದ ಊಟಕ್ಕೆ ಇರಲಿಲ್ಲ. ಎದೆನೋವು ಅಂದರಂತೆ, ಅಷ್ಟೇ. ಮಗಳ ಕೈಯನ್ನು ಅಳಿಯನ ಕೈಗಿಟ್ಟು ನೀರು ಬಿಡುವುದು ಅಪ್ಪ ಅಮ್ಮ ಜೊತೆಯಾಗಿ ಮಾಡುವ ಕೆಲಸ. ಒಬ್ಬರಿಲ್ಲವೆಂದರೆ ಇನ್ನೊಬ್ಬರು ಪಕ್ಕಕ್ಕೆ ಸರಿದು ಸೋದರಮಾವ ದಂಪತಿಗೆ ಜಾಗ ಬಿಡುವುದು ಮನೆತನದಲ್ಲಿ ನಡೆದು ಬಂದದ್ದು. ಆದರೂ ಅಮ್ಮನ ಬಾಯಿಂದ ಕೇಳಿದಾಗ ಅವಳಿಗೆ ಉರಿದುಹೋಯಿತು.

"ಮಾಮ ನನ್ನ ನೋಡೋದು ವರ್ಷಕ್ಕೊಂದು ಸಲ, ಅದೂ ಬೆಂಗಳೂರು ಏರ್‌ಪೋರ್ಟಲ್ಲಿ. ಅವರು ಯಾಕಮ್ಮ ನನ್ನ ಧಾರೆ ಎರೀಬೇಕು?"

"ಪದ್ಧತಿ ಕಣೇ."

"ನೀನು ಹಿಂದಿನ ಸಾಲಲ್ಲಿ ಕೂತಿರೋ ಮದುವೆ ಫೋಟೋನ ನಾನು ಜನ್ಮದಲ್ಲಿ ನೋಡಲ್ಲ, ತಿಳ್ಕೋ."

"ನೋಡ್ಬೇಡ. ಖಲಾಸ್," ಎಂದಳು ರತ್ನಪ್ರಭಾ. ಅವರೆಕಾಳಿನ ಸಿಪ್ಪೆ ಕಿಟಕಿಯ ತನಕ ಹಾರಿತು.

ಹುಡುಗ ಯಜ್ಞೇಶ್ ಉಡುಪಿ ಕಡೆಯವನು, ದೋಹಾ ಹತ್ತಿರದ ಮೆಸಯೀದ್ ಎಂಬ ಕೈಗಾರಿಕಾ ಊರಿನ ಪ್ಲಾಂಟಿನಲ್ಲಿ ಇಂಜಿನಿಯರು. ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸವಿದೆ, ಊರಿಗೆ ಹೋಗಲು ರಜೆ ಸಿಕ್ಕುವುದಿಲ್ಲವೆಂದು ಮದುವೆ ದೋಹಾದಲ್ಲೇ, ಅಲ್ ಸದ್ದ್ ಬಡಾವಣೆಯ ಒಂದು ಹೋಟೆಲಿನ ಹಾಲ್‌ನಲ್ಲಿ ಎಂದಾಗಿತ್ತು. ಮುಹೂರ್ತ ಇಟ್ಟುಕೊಟ್ಟ ಭಟ್ಟರು ವಾರವೆಲ್ಲ ಡ್ರಾಫ್ಟ್ಸ್‌ಮನ್, ರಜೆಯ ದಿನ ಪುರೋಹಿತರು. ಹಾಗಾಗಿ ದೋಹಾದ ಕನ್ನಡಿಗರ ಶುಭಮುಹೂರ್ತಗಳೆಲ್ಲ ತಪ್ಪದೆ ಶುಕ್ರವಾರವೇ ಬೀಳುತ್ತವೆ. ಗ್ರಹಗಳಿಗೂ ಇಲ್ಲಿಯ ರಜೆ ಗೊತ್ತು.

ಹೀಗೆ ಪಕ್ಕಕ್ಕೆ ಸರಿಯುವ ಅಭ್ಯಾಸ ರತ್ನಪ್ರಭಾಗೆ ಹುಟ್ಟಿದ್ದಾದರೂ ಎಲ್ಲಿಂದ? ಗಂಡ ತೀರಿಹೋದ ವರ್ಷವೇ ಒಂದು ಸೀಮಂತಕ್ಕೆ ಹೋಗಿದ್ದಳು. ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬಂತು. ಎಡಗಡೆಯವಳಿಗೆ ಕೊಟ್ಟರು, ಬಲಗಡೆಯವಳಿಗೆ ಕೊಟ್ಟರು. ನಡುವೆ ಕೂತಿದ್ದ ಅವಳ ಮುಂದೆ ತಟ್ಟೆ ಒಂದು ಗಳಿಗೆ ತಡೆಯಿತು, ಆಮೇಲೆ ಮುಂದೆ ಹೋಯಿತು. ತಟ್ಟೆ ಹಿಡಿದ ಹುಡುಗಿಯ ಮುಖವೇ ಬಾಡಿಹೋಗಿತ್ತು, ಪಾಪ. ಅಂದಿನಿಂದ ರತ್ನಪ್ರಭಾ ತಟ್ಟೆ ಬರುವ ಮೊದಲೇ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಕಾಫಿ ಬೆರೆಸುತ್ತಾಳೆ, ಲೋಟ ತೊಳೆಯುತ್ತಾಳೆ, ಯಾರದೋ ಮಗುವನ್ನು ಎತ್ತಿಕೊಳ್ಳುತ್ತಾಳೆ. ತಾನಾಗಿ ಎದ್ದರೆ ಯಾರೂ ಎಬ್ಬಿಸಿದಂತಾಗುವುದಿಲ್ಲವಲ್ಲ.

ಈದ್ ರಜೆ ಬಂತು. ಮದುವೆಗೆ ಮುಂಚೆ ಅಮ್ಮ ಮಗಳು ಇಬ್ಬರೇ ಎಲ್ಲಾದರೂ ಹೋಗಿಬರೋಣ ಎಂದು ಪ್ರಾರ್ಥನಾ ಗಂಟುಬಿದ್ದಳು. ಥಾಯ್ಲೆಂಡ್ ಎಂದ ಕೂಡಲೇ ರತ್ನಪ್ರಭಾ ಮೂಗು ಮುರಿದಳು. "ಅಯ್ಯೋ, ಬೀಚು, ಕುಡಿತ, ಕುಣಿತ. ನಂಗ್ಯಾಕೆ ಅದೆಲ್ಲ?"

"ಬೀಚಲ್ಲ ಅಮ್ಮ. ಅಯುತ್ಥಯ ಅಂತ ಒಂದೂರಿದೆ. ಆ ಹೆಸರು ನಮ್ಮ ಅಯೋಧ್ಯೆಯಿಂದಾನೇ ಬಂದಿರೋದು. ನಾನೂರು ವರ್ಷ ರಾಜಧಾನಿ ಆಗಿತ್ತು, ಬರ್ಮಾದವರು ಬಂದು ಸುಟ್ಟುಹಾಕಿದರು. ಈಗ ಎಲ್ಲಾ ರಿಪೇರಿ ಮಾಡಿ ನಿಲ್ಲಿಸಿದಾರೆ."

ಅಯೋಧ್ಯೆ ಎಂಬ ಮಾತಿಗೆ ರತ್ನಪ್ರಭಾ ಸೋತಳು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅವಲಕ್ಕಿ, ನಿಂಬೆಕಾಯಿ ಉಪ್ಪಿನಕಾಯಿ ತುಂಬಿ ಹೊರಟಳು.

ಬ್ಯಾಂಕಾಕಿನಿಂದ ವ್ಯಾನಿನಲ್ಲಿ ಒಂದೂವರೆ ಗಂಟೆಯ ದಾರಿ. ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬ ಗೈಡ್ ಹುಡುಗಿ, ನಗು ಮೊಗದವಳು. ದೋಹಾದ ಬಿಸಿಲು ಕಂಡವರಿಗೆ ಬಿಸಿಲೇನು ಹೊಸದಲ್ಲ, ಆದರೆ ಇಲ್ಲಿಯದು ಒದ್ದೆ ಬಿಸಿಲು, ಇಳಿದ ಕೂಡಲೇ ರವಿಕೆ ಬೆನ್ನಿಗೆ ಅಂಟಿಕೊಂಡಿತು. ಸುತ್ತ ಎಲ್ಲಿ ನೋಡಿದರೂ ಇಟ್ಟಿಗೆ. ಮೇಲ್ಛಾವಣಿ ಇಲ್ಲದ ಗೋಡೆಗಳು, ವಾಲಿ ನಿಂತ ಗೋಪುರಗಳು, ಅಡಿಪಾಯ ಮಾತ್ರ ಉಳಿದ ಮಂಟಪಗಳು. ಹಳೆಯ ಇಟ್ಟಿಗೆ ಕಪ್ಪಗೆ ಸವೆದಿದ್ದರೆ ನಡುನಡುವೆ ಹೊಸದಾಗಿ ಕಟ್ಟಿ ಸೇರಿಸಿದ ಸಾಲು ಕೆಂಪಗೆ, ಒರಟಾಗಿ ಕಾಣುತ್ತಿತ್ತು. ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದರು.

ಗೋಡೆಯ ಉದ್ದಕ್ಕೂ ಕೂತ ಬುದ್ಧರು. ಒಬ್ಬನಿಗೂ ತಲೆ ಇಲ್ಲ. ಕೆಲವರಿಗೆ ಕೈಯೂ ಇಲ್ಲ. ಅಷ್ಟಾದರೂ ಯಾರೋ ಒಬ್ಬೊಬ್ಬನ ಹೆಗಲಿಗೂ ಕಾವಿಬಟ್ಟೆ ಹೊದಿಸಿ, ತೊಡೆಯ ಮೇಲೆ ತಾವರೆಮೊಗ್ಗು ಇಟ್ಟಿದ್ದರು. ಪ್ರಾರ್ಥನಾ ಚಪ್ಪಲಿ ಬಿಟ್ಟು ಕೈಮುಗಿದಳು.

"ಏಯ್, ಭಿನ್ನವಾದ ವಿಗ್ರಹ ಅದು. ಕೈ ಮುಗೀಬಾರದು," ಎಂದಳು ರತ್ನಪ್ರಭಾ. "ನಮ್ಮಲ್ಲಾದ್ರೆ ನೀರಿಗೆ ಬಿಟ್ಟುಬಿಡ್ತಾರೆ. ಮುಕ್ಕಾದ್ದಕ್ಕೆ ಪೂಜೆ ಎಲ್ಲಾದ್ರೂ ಉಂಟಾ?"

"ಇಲ್ಲಿ ಮಾಡ್ತಿದಾರಲ್ಲಮ್ಮ."

"ಮಾಡ್ಲಿ. ಅವರವರ ಊರು ಅವರವರಿಗೆ."

ಪ್ರಾರ್ಥನಾ ಅಮ್ಮನ ಮುಖವನ್ನೇ ನೋಡಿದಳು. ನಾಲಗೆ ಕಚ್ಚಿಕೊಂಡು ಸುಮ್ಮನಿರಬೇಕಿತ್ತು, ಇರಲಿಲ್ಲ. "ನಿನ್ನನ್ನೂ ನೀನು ಹೀಗೇ ಲೆಕ್ಕ ಹಾಕ್ಕೊಂಡಿದೀಯ, ಅಲ್ವಾಮ್ಮ? ಮುಕ್ಕಾಗಿದೆ, ಇನ್ನು ಪೂಜೆಗೆ ಬರಲ್ಲ ಅಂತ?"

ರತ್ನಪ್ರಭಾಗೆ ನೆತ್ತಿಗೇರಿತು. "ಏನಂದೆ? ರುಂಡ ಇಲ್ಲದ ಬೊಂಬೆಗೆ ನನ್ನನ್ನ ಹೋಲಿಸ್ತೀಯಾ? ದುಡ್ಡು ಖರ್ಚು ಮಾಡಿ ಇಲ್ಲೀವರೆಗೆ ಕರ್ಕೊಂಡು ಬಂದಿದ್ದು ಇದಕ್ಕಾ? ನಿಮ್ಮಪ್ಪ ಇದ್ದಿದ್ರೆ ಈ ಮಾತು ಆಡ್ತಿದ್ದೆಯಾ ನೀನು?"

"ಅಪ್ಪ ಇದ್ದಿದ್ರೆ ಈ ಮಾತೇ ಬರ್ತಿರಲಿಲ್ಲ," ಎಂದಳು ಮಗಳು. ಇಬ್ಬರ ಕಣ್ಣಲ್ಲೂ ನೀರು. ಗೈಡ್ ಹುಡುಗಿ ಏನೂ ತಿಳಿಯದೆ ಇಬ್ಬರಿಗೂ ತಣ್ಣನೆಯ ನೀರಿನ ಬಾಟಲಿ ಕೊಟ್ಟು, ನಗುತ್ತ, ಮುಂದಿನ ಜಾಗಕ್ಕೆ ಕರೆದುಕೊಂಡು ಹೋದಳು. ವ್ಯಾನಿನಲ್ಲಿ ಒಬ್ಬಳು ಆ ಕಿಟಕಿ, ಒಬ್ಬಳು ಈ ಕಿಟಕಿ.

ಮುಂದಿನ ಜಾಗದಲ್ಲಿ ಒಬ್ಬ ಬುದ್ಧ ಬಟ್ಟಬಯಲಿನಲ್ಲಿ ಮಲಗಿದ್ದ. ಸುತ್ತ ಇದ್ದ ದೇವಸ್ಥಾನ ಸುಟ್ಟು ಹೋಗಿ ಕಂಬಗಳ ಬುಡ ಮಾತ್ರ ಉಳಿದಿತ್ತು. ಅವನನ್ನು ಹೊಸದಾಗಿ ಗಾರೆ ಬಳಿದು ಸರಿಪಡಿಸಿದ್ದರು. ತಲೆಯಿಂದ ಕಾಲಿನವರೆಗೆ ನಡೆದರೆ ಒಂದು ಬೀದಿಯಷ್ಟು ಉದ್ದ. ಅಂದು ಅಲ್ಲಿ ಒಂದು ಕುಟುಂಬ ಏನೋ ಹರಕೆ ತೀರಿಸಲು ಬಂದಿತ್ತು. ಅಷ್ಟುದ್ದದ ಕಾವಿಬಟ್ಟೆಯನ್ನು ಬಿಚ್ಚುತ್ತ, ಮಲಗಿದ ಬುದ್ಧನಿಗೆ ಹೊದಿಸಬೇಕು. ಜನ ಸಾಲದೆ ಸಿಕ್ಕಿದವರನ್ನೆಲ್ಲ ಕರೆದು ಬಟ್ಟೆಯ ಅಂಚು ಹಿಡಿಸುತ್ತಿದ್ದರು. ಇಬ್ಬರು ಜರ್ಮನರು, ಒಬ್ಬ ಐಸ್‌ಕ್ರೀಮ್ ಮಾರುವವ, ಪ್ರಾರ್ಥನಾ, ಎಲ್ಲರೂ ಹಿಡಿದರು.

ಬಿಳಿ ರವಿಕೆ ತೊಟ್ಟ ಒಬ್ಬ ಮುದುಕಿ ರತ್ನಪ್ರಭಾಳ ಹತ್ತಿರ ಬಂದು ಅಂಚನ್ನು ಚಾಚಿದಳು. ರತ್ನಪ್ರಭಾ ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದಳು. ದೇವರ ಕಾರ್ಯ, ಹರಕೆ, ಮಂಗಳವಸ್ತ್ರ. ಅದಕ್ಕೆ ತನ್ನ ಕೈ ಏಕೆ? ಆದರೆ ಭಾಷೆ ಬರುವುದಿಲ್ಲ. ಹಾಗಾಗಿ ಸನ್ನೆ ಮಾಡಿದಳು. ಕುಂಕುಮವಿಲ್ಲದ ಹಣೆ ಮುಟ್ಟಿ ತೋರಿಸಿದಳು. ತಾಳಿಯಿಲ್ಲದ ಕತ್ತು ಮುಟ್ಟಿ ತೋರಿಸಿದಳು. ಎರಡೂ ಕೈ ಅಲ್ಲಾಡಿಸಿ, ಇಲ್ಲ, ನಾನು ಬರುವುದಿಲ್ಲ ಎಂದಳು. ಮೈಸೂರಿನಲ್ಲಿ ಈ ಸನ್ನೆಗೆ ಇನ್ನೊಂದು ಅರ್ಥವೇ ಇಲ್ಲ, ಎಳೆಮಕ್ಕಳಿಗೂ ಗೊತ್ತಾಗುತ್ತದೆ.

ಮುದುಕಿ ಗಾಬರಿಯಾದಳು. ಹಣೆ ನೋವು, ಕತ್ತು ನೋವು, ಬಿಸಿಲು ಹೊಡೆದಿದೆ! ಬಟ್ಟೆಯ ಅಂಚನ್ನು ಪಕ್ಕದವರಿಗೆ ಕೊಟ್ಟು, ರತ್ನಪ್ರಭಾಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೊಡೆಯ ನೆರಳಲ್ಲಿ ಕೂರಿಸಿದಳು. ಚೀಲದಿಂದ ಮೂಗಿಗೆ ಇಟ್ಟು ಎಳೆಯುವ ಕರ್ಪೂರದ ಕೊಳವೆಯೊಂದನ್ನು ತೆಗೆದು, ಬೇಡ ಬೇಡವೆಂದರೂ ಕೇಳದೆ, ಎರಡೂ ಹೊಳ್ಳೆಗೆ ಒತ್ತಿ ಹಿಡಿದಳು. ರತ್ನಪ್ರಭಾಳ ಕಣ್ಣು, ಮೂಗು ಎರಡೂ ಹರಿಯತೊಡಗಿದವು. ಯಾರೋ ಒದ್ದೆ ಬಟ್ಟೆ ತಂದು ಕತ್ತಿನ ಹಿಂದೆ ಇಟ್ಟರು. ಇನ್ಯಾರೋ ಬೀಸಣಿಗೆ ಬೀಸಿದರು.

ಪ್ರಾರ್ಥನಾ ಓಡಿ ಬಂದಳು. ಅಮ್ಮನ ಅವಸ್ಥೆ ನೋಡಿದವಳಿಗೆ ಏನಾಗಿದೆಯೆಂದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟಳು. "ಅಮ್ಮಾ, ತಲೆನೋವು ಅಂದ್ಕೊಂಡಿದಾರೆ! ನಿಂಗೆ ತಲೆನೋವಂತೆ!"

"ನಗಬೇಡ್ವೇ, ದರಿದ್ರದವಳೇ!" ಎಂದು ರತ್ನಪ್ರಭಾ ಸೀನಿದಳು. ಅವಮಾನವೂ ಆಯಿತು, ಸಿಟ್ಟೂ ಬಂತು. ಗೈಡ್ ಹುಡುಗಿಯನ್ನು ಕೂಗಿ ಕರೆದಳು. "ಅವರಿಗೆ ಸರಿಯಾಗಿ ಹೇಳು. ನನ್ನ ಗಂಡ ತೀರಿಹೋಗಿದಾರೆ. ಅದಕ್ಕೇ ಇದನ್ನ ಮುಟ್ಟಬಾರದು. ಹೇಳು!"

ಗೈಡ್ ಹುಡುಗಿ ಮುದುಕಿಗೆ ಹೇಳಿದಳು. ಮುದುಕಿಯ ಮುಖದ ಗಾಬರಿ ಇಳಿಯಿತು. ಎರಡೂ ಕೈ ಜೋಡಿಸಿ ತಲೆ ತಗ್ಗಿಸಿದಳು. ಆಮೇಲೆ ಏನೋ ಕೇಳಿದಳು. ಯಾವಾಗ ಎಂದು ಕೇಳುತ್ತಿದ್ದಾರೆ ಎಂದಳು ಗೈಡ್. ಎರಡು ವರ್ಷ ಎಂದಳು ರತ್ನಪ್ರಭಾ. ಮುದುಕಿ ಅವಳ ಕೈ ಹಿಡಿದು ಸವರಿದಳು. ಮತ್ತೆ ಏನೋ ಹೇಳಿ, ಬುದ್ಧನ ಕಾಲಿನ ಕಡೆ ಬೆರಳು ಮಾಡಿದಳು.

"ಏನಂತೆ?"

ಗೈಡ್ ಹುಡುಗಿ ತನಗೆ ಬರುವ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. "ಅವರಿಗೆ ತುಂಬಾ ದುಃಖವಾಗಿದೆಯಂತೆ. ಮತ್ತೆ, ಅಲ್ಲಿ ಬಟ್ಟೆ ನೆಲಕ್ಕೆ ತಾಗುತ್ತಿದೆ, ದಯವಿಟ್ಟು ಬಂದು ಹಿಡಿದುಕೊಳ್ಳಿ ಅನ್ನುತ್ತಿದ್ದಾರೆ."

ರತ್ನಪ್ರಭಾ ಕಾದಳು. ಇನ್ನೇನಾದರೂ ಹೇಳುತ್ತಾರೇನೋ ಎಂದು. ಮುದುಕಿ ಆಗಲೇ ಬಟ್ಟೆಯ ಕಡೆ ಹೊರಟಿದ್ದಳು. ಗಂಡ ಹೋದದ್ದು ಒಂದು ವಿಷಯ, ಬಟ್ಟೆ ನೆಲಕ್ಕೆ ತಾಗುತ್ತಿರುವುದು ಇನ್ನೊಂದು ವಿಷಯ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧವೆಂದು ಆ ಮುದುಕಿಗೆ ಹೊಳೆದೇ ಇರಲಿಲ್ಲ. ನಿಜಕ್ಕೂ ಅಲ್ಲಿ ಬಟ್ಟೆಯ ಕೊನೆ ಮಣ್ಣಿನಲ್ಲಿ ಎಳೆಯುತ್ತಿತ್ತು. ಒಳ್ಳೆಯ ಬಟ್ಟೆ, ಮಣ್ಣಾಗುತ್ತಿದೆಯಲ್ಲ ಎಂದು ರತ್ನಪ್ರಭಾಗೆ ಸಂಕಟವಾಯಿತು. ಎದ್ದು ಹೋಗಿ ಹಿಡಿದಳು.

ಬಟ್ಟೆ ಹಿಡಿದು ಎಲ್ಲರ ಜೊತೆ ಮೆಲ್ಲಗೆ ನಡೆದಳು. ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ. ಮೇಲೆ ಹತ್ತಿದ್ದವರು ಎಳೆದುಕೊಂಡರು. ಕೊನೆಗೆ ಬಟ್ಟೆ ಅವಳ ಕೈಯಿಂದ ಜಾರಿ ಮೇಲೆ ಹೋದಾಗ ಸುತ್ತಲಿನವರು ಕೈಮುಗಿದರು. ಅವಳೂ ಮುಗಿದಳು. ಯಾಕೋ ತಡೆಯಲಾರದೆ ಅತ್ತಳು. ಕರ್ಪೂರದ ಘಾಟು ಎಂದುಕೊಂಡರು ಎಲ್ಲರೂ.

ವಾಪಸು ಬರುವಾಗ ವ್ಯಾನಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಪ್ರಾರ್ಥನಾಗೆ ಇನ್ನೂ ನಡುನಡುವೆ ನಗು ಉಕ್ಕುತ್ತಿತ್ತು. ಈ ಸಲ ರತ್ನಪ್ರಭಾಳೂ ನಕ್ಕಳು. ಆಮೇಲೆ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತ, ಮಗಳ ಮುಖ ನೋಡದೆ ಹೇಳಿದಳು.

"ಪದ್ಧತಿ ಗಿದ್ಧತಿ ಎಲ್ಲ ಸುಮ್ನೆ ಕಣೇ. ನಂಗೆ ಹೆದರಿಕೆ."

"ಏನು ಹೆದರಿಕೆ?"

"ನಿಮ್ಮಪ್ಪ ಹೇಗಿದ್ರು, ಗುಂಡುಕಲ್ಲಿನ ಹಾಗೆ. ಹೋಗೇ ಬಿಟ್ರಲ್ಲ. ನಾಳೆ ನಿನ್ನ ಸಂಸಾರದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಆ ಹುಡುಗ ಪ್ಲಾಂಟಲ್ಲಿ ಕೆಲಸ ಮಾಡೋನು. ಯಾರೂ ಏನೂ ಅನ್ನಲ್ಲ ಅಂತಲೇ ಇಟ್ಕೋ. ನಾನೇ ಅಂದ್ಕೋತೀನಲ್ಲ, ನನ್ನ ಕೈ ತಾಗಿತ್ತು ಅಂತ. ಇರೋಳು ನೀನೊಬ್ಬಳು. ನಿನ್ನನ್ನ ಇಟ್ಕೊಂಡು ಪರೀಕ್ಷೆ ಮಾಡೋ ಧೈರ್ಯ ನಂಗಿಲ್ಲ."

ಪ್ರಾರ್ಥನಾ ಅಮ್ಮನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಈ ಎರಡು ವರ್ಷ ಆ ಕೈಯಲ್ಲೇ ಅಲ್ವಾ ನಂಗೆ ಅನ್ನ ಹಾಕಿದ್ದು? ಅನ್ನಕ್ಕೆ ತಾಗದೇ ಇರೋದು ನೀರಿಗೆ ತಾಗುತ್ತಾ ಅಮ್ಮ?"

ಮಗಳ ಮಾತು ಸರಿ ಎಂದು ರತ್ನಪ್ರಭಾಗೆ ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಹೆದರಿಕೆ ಹೋಗಿಬಿಡುತ್ತದೆಯೇ? ಹೋಗಲಿಲ್ಲ. ಮಗಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡು, ಬ್ಯಾಂಕಾಕ್ ಬರುವವರೆಗೂ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದಳು.

ದೋಹಾಕ್ಕೆ ಮರಳಿದ ಮೇಲೆ ಮದುವೆಯ ಗಡಿಬಿಡಿ. ಹೋಟೆಲಿನವರ ಜೊತೆ ಜಗಳ, ಬಾಳೆ ಎಲೆಗೆ ಓಡಾಟ, ಕೇರಳದ ಅಡುಗೆಯವನಿಗೆ ಬಿಸಿಬೇಳೆಬಾತಿನ ಪಾಠ. ಧಾರೆಯ ಮಾತನ್ನು ತಾಯಿಯೂ ಎತ್ತಲಿಲ್ಲ, ಮಗಳೂ ಎತ್ತಲಿಲ್ಲ. ರತ್ನಪ್ರಭಾ ಮಾತ್ರ ಕೆಲಸದ ನಡುವೆ ಕೈ ನಿಲ್ಲಿಸಿ ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಸೀಮಂತದ ಆ ತಟ್ಟೆಯೊಂದನ್ನು ಬಿಟ್ಟರೆ, ಈ ಎರಡು ವರ್ಷದಲ್ಲಿ ತನ್ನನ್ನು ಏಳು ಎಂದವರು ಯಾರು? ಎಷ್ಟು ನೆನೆಸಿಕೊಂಡರೂ ಒಂದು ಮುಖವೂ ಸಿಕ್ಕಲಿಲ್ಲ. ಎಲ್ಲ ಕಡೆಯೂ ತಾನೇ ಎದ್ದು ಹೋಗಿದ್ದಳು. ಹಿಂದಿನಿಂದ ಎಷ್ಟು ಜನ ಕೂತ್ಕೊಳ್ರೀ ಎಂದು ಕರೆದಿದ್ದರೋ, ಅಡುಗೆಮನೆಯ ನಲ್ಲಿಯ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ.

ಮದುವೆಯ ಹಿಂದಿನ ದಿನ ತಮ್ಮ ಸಂಜಯ್ ಹೆಂಡತಿಯೊಡನೆ ಮೈಸೂರಿನಿಂದ ಬಂದಿಳಿದ. ಜರಿಪಂಚೆ, ರೇಷ್ಮೆಸೀರೆ ಎಲ್ಲ ತಂದಿದ್ದರು. ಊಟವಾದ ಮೇಲೆ ರತ್ನಪ್ರಭಾ ತಮ್ಮನ ಮುಂದೆ ಕೂತಳು.

"ಸಂಜು, ನಾಳೆ ನೀನು ನನ್ನ ಪಕ್ಕದಲ್ಲಿ ನಿಂತ್ಕೋ. ನೀರು ನಾನು ಬಿಡ್ತೀನಿ."

ಪ್ರಾರ್ಥನಾ ಬಚ್ಚಲಿನ ಬಾಗಿಲಲ್ಲಿ ನಿಂತಲ್ಲೇ ನಿಂತಳು. ಸಂಜಯ್ ಹೆಂಡತಿಯ ಮುಖ ನೋಡಿದ. ಅವಳು ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. "ಅಕ್ಕ, ನಂದೇನೂ ಇಲ್ಲ," ಎಂದ ಅವನು ತಡವರಿಸುತ್ತ. "ನಿಜ ಹೇಳ್ಲಾ, ನಿನ್ನನ್ನ ಕೆಳಗೆ ಕೂರ್ಸಿ ನಾನು ಅಲ್ಲಿ ಹೇಗೆ ನಿಲ್ಲೋದು ಅಂತ ಫ್ಲೈಟಲ್ಲೆಲ್ಲಾ ಅದೇ ಕೊರೀತಿತ್ತು. ಆದ್ರೆ ಭಟ್ರು ಒಪ್ತಾರಾ?"

ಶುಕ್ರವಾರ ಬೆಳಿಗ್ಗೆ ಭಟ್ಟರು ಗಡಿಯಾರ ನೋಡಿಕೊಂಡೇ ಮಂತ್ರ ಹೇಳುತ್ತಿದ್ದರು. ಜುಮ್ಮಾ ನಮಾಜಿಗೆ ಮುಂಚೆ ಹಾಲ್ ಬಿಟ್ಟುಕೊಡಬೇಕು. ರತ್ನಪ್ರಭಾ ವಿಷಯ ಹೇಳಿದಾಗ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ದಂಪತಿ ಎರೆಯೋದು ರೂಢಿ ಅಮ್ಮ," ಎಂದರು. ಅವಳು ಕದಲಲಿಲ್ಲ. ಭಟ್ಟರು ಅವಳನ್ನು ನೋಡಿದರು, ಗಡಿಯಾರ ನೋಡಿದರು, ಮಣೆಯ ಮೇಲೆ ಕಣ್ಣು ತುಂಬಿಕೊಂಡು ನಿಂತ ಹುಡುಗಿಯನ್ನು ನೋಡಿದರು. "ಹೆತ್ತವಳು ಎದುರಿಗೇ ಇದ್ದೀರಿ, ಇನ್ನು ನಾನು ಯಾವ ಬಾಯಲ್ಲಿ ಬೇಡ ಅನ್ನಲಿ? ಬನ್ನಿ, ಬನ್ನಿ. ಯಲ್ಲಾ, ಬೇಗ."

ಯಜ್ಞೇಶನ ಬೊಗಸೆಯಲ್ಲಿ ಪ್ರಾರ್ಥನಾಳ ಬೊಗಸೆ, ಅದರ ಮೇಲೆ ತೆಂಗಿನಕಾಯಿ. ರತ್ನಪ್ರಭಾ ಬೆಳ್ಳಿ ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಹಾಲ್ ತುಂಬ ಜನ. ಎಲ್ಲರ ಕಣ್ಣೂ ತನ್ನ ಕೈಯ ಮೇಲೆ. ಮಂತ್ರ ಮುಗಿಯಿತು, ಬಿಡಿ ಎಂದರು ಭಟ್ಟರು. ಅವಳ ಕೈ ಏಳಲಿಲ್ಲ. ಗಿಂಡಿ ಗಡಗಡ ನಡುಗಿ ನಾಲ್ಕು ಹನಿ ಅವಳ ಸೀರೆಗೇ ಚೆಲ್ಲಿತು. ದೇವರೇ, ಈಗಲೂ ತಮ್ಮನ ಕೈಗೆ ಕೊಟ್ಟುಬಿಡಲೇ? ಇವಳಿಗೇನಾದರೂ ಆದರೆ?

ಎದುರಿಗೆ ಯಜ್ಞೇಶನ ತಾಯಿ ನಿಂತಿದ್ದರು. ತಲೆ ತುಂಬ ಮಲ್ಲಿಗೆ, ಹಣೆ ತುಂಬ ಕುಂಕುಮ, ಪಕ್ಕದಲ್ಲಿ ಗಟ್ಟಿಮುಟ್ಟಾದ ಗಂಡ. ಅವರು ರತ್ನಪ್ರಭಾಳ ಕೈ ನೋಡಿದರು. ಮುಂದೆ ಬಾಗಿ ಮೆಲ್ಲಗೆ ಕೇಳಿದರು. "ಹೆದರಿಕೆ ಆಗ್ತದಾ?"

ರತ್ನಪ್ರಭಾ ಹೌದೆಂದು ತಲೆಯಾಡಿಸಿದಳು. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ನನಗೂ ಉಂಟು ಮಾರಾಯ್ರೆ," ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ. "ನಿನ್ನೆಯಿಂದ ಕಣ್ಣು ಮುಚ್ಚಲಿಲ್ಲ. ಮಕ್ಕಳಿಗೆ ಏನಾದ್ರೂ ಆದ್ರೆ ಅಂತ ಒಂದೇ ಯೋಚನೆ. ನೋಡಿ ನನ್ನ ಕೈ."

ಅವರ ಕೈಯೂ ನಡುಗುತ್ತಿತ್ತು. ಹಸಿರು ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ರತ್ನಪ್ರಭಾ ಆ ಕೈಯನ್ನು ನೋಡಿದಳು, ಆ ಕುಂಕುಮ ನೋಡಿದಳು, ಪಕ್ಕದಲ್ಲಿ ನಿಂತ ಆ ಗಂಡನನ್ನು ನೋಡಿದಳು. ಎರಡು ವರ್ಷದಿಂದ ಈ ಹೆದರಿಕೆ ತನ್ನೊಬ್ಬಳ ಪಾಲಿಗೆ ಬಂದದ್ದು ಎಂದುಕೊಂಡಿದ್ದಳಲ್ಲ!

"ಹಾಗಾದ್ರೆ ಇಬ್ಬರೂ ಹೆದರ್ಕೊಂಡೇ ಮುಗಿಸೋಣ," ಎಂದು ಗಿಂಡಿ ಬಗ್ಗಿಸಿದಳು. ನೀರು ಮಗಳ ಕೈಯ ಮೇಲೆ ಬಿದ್ದು, ಅಳಿಯನ ಬೆರಳುಗಳ ನಡುವಿನಿಂದ ಕೆಳಗಿನ ತಟ್ಟೆಗೆ ಇಳಿಯಿತು. ಕೊನೆಯ ಹನಿ ಬೀಳುವವರೆಗೂ ಅವಳು ಗಿಂಡಿಯನ್ನು ಹಾಗೇ ಹಿಡಿದಿದ್ದಳು.